ಟ್ರೇಲರ್ ಎಳೆಯುವ ಮೊದಲು ಟೇಪ್ ಹಿಡಿಯಿರಿ: ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ ಹೊಂದಿಸೋದು ಹೇಗೆ?

ಪುಣೆಯಲ್ಲಿ ಕೂತು ಟ್ರಾವೆಲ್ ಟ್ರೇಲರ್ ಬಗ್ಗೆ ಯಾಕೆ ಮಾತು ಅಂತ ನೀವು ಕೇಳಬಹುದು. ನಮ್ಮ ರಸ್ತೆಗಳಲ್ಲಿ ಅದು ಅಪರೂಪ, ನಿಜ. ಆದರೆ ನಮ್ಮಲ್ಲಿ ಎಷ್ಟೋ ಜನ ಆನ್‌ಸೈಟ್ ಅಂತ ಅಮೆರಿಕಕ್ಕೆ ಹೋಗ್ತೀವಿ, ಲಾಂಗ್ ವೀಕೆಂಡ್ ಸಿಕ್ಕರೆ ಯಾರದೋ ಟ್ರೇಲರ್ ಕಟ್ಟಿಕೊಂಡು ಹೊರಡ್ತೀವಿ. ನಾನೂ ಹಾಗೇ ಹೊರಟವನು. ಆವತ್ತು ನಾನು ಮಾಡಿದ ತಪ್ಪು ನೀವು ಮಾಡಬಾರದು ಅಂತಲೇ ಇವತ್ತಿನ ಮಾತು.

ಆಗ ನಾವು ಡಲ್ಲಾಸ್‌ನಲ್ಲಿದ್ವಿ. ರಾಣೆಬೆನ್ನೂರಿಂದ ಅಪ್ಪ, ಅವ್ವ ಬಂದಿದ್ದರು. ಅವರಿಗೆ ಪಾಲೊ ಡೂರೊ ಕಣಿವೆ ತೋರಿಸೋಣ ಅಂತ ಸಹೋದ್ಯೋಗಿಯೊಬ್ಬರ ಟ್ರೇಲರ್ ಎರವಲು ತಂದೆ. ಜೊತೆಗೆ ಅವರದೇ ಹಿಚ್. "ಎಲ್ಲಾ ಸೆಟ್ ಆಗಿದೆ, ಸಿಕ್ಕಿಸಿ ಹೊರಡಿ" ಅಂದರು. ಸೆಟ್ ಆಗಿತ್ತು ನಿಜ, ಆದರೆ ಅವರ ಎತ್ತರದ ಟ್ರಕ್‌ಗೆ. ನನ್ನದು ತಗ್ಗಿನ ಸೆಕೆಂಡ್ ಹ್ಯಾಂಡ್ ಪಿಕಪ್.

ವಿಚಿಟಾ ಫಾಲ್ಸ್ ದಾಟಿದ ಮೇಲೆ ಬಯಲು, ಅಡ್ಡಗಾಳಿ. ದೊಡ್ಡ ಲಾರಿ ಪಕ್ಕದಲ್ಲಿ ಹಾದಾಗಲೆಲ್ಲ ನಮ್ಮ ಗಾಡಿ ತೇಲಿದ ಹಾಗೆ ಆಗ್ತಿತ್ತು. ಸ್ಟೀರಿಂಗ್ ಹಗುರ, ತಿರುಗಿಸಿದರೆ ಒಂದು ಕ್ಷಣ ತಡವಾಗಿ ತಿರುಗುತ್ತೆ. ನಾನು ಗಾಳಿಗೆ ಬೈತಾ ಇದ್ದೆ. ಪಕ್ಕದಲ್ಲಿ ಕೂತಿದ್ದ ಅಪ್ಪ ಹೇಳಿದರು: "ಗಾಡಿ ಮಾರಿ ಮ್ಯಾಲೆ ಎತ್ತೇತಿ ನೋಡು. ಮುಂಭಾರ ಇಲ್ಲ ಇದಕ್ಕ. ಬಾಜೂಕ ನಿಲ್ಲಸು."

ಹರೆಯದಲ್ಲಿ ಚಕ್ಕಡಿ ಹೊಡೆದ ಮನುಷ್ಯ. ಚಕ್ಕಡಿಗೆ ಹಿಂದೆ ಭಾರ ಹೆಚ್ಚಾದರೆ ನೊಗ ಮೇಲೇಳುತ್ತೆ, ಮುಂದೆ ಹೆಚ್ಚಾದರೆ ಎತ್ತಿನ ಕುತ್ತಿಗೆ ಮೇಲೆ ಕೂರುತ್ತೆ. ಇಂಜಿನಿಯರಿಂಗ್ ಓದಿದ ನನಗೆ ಕಾಣದ್ದು ಅವರಿಗೆ ಸೀಟಿನಲ್ಲಿ ಕೂತೇ ಗೊತ್ತಾಗಿತ್ತು.

ಲೆಕ್ಕ ಸರಳ. ಟ್ರೇಲರ್ ತನ್ನ ಒಟ್ಟು ತೂಕದ 10ರಿಂದ 15 ಶೇಕಡಾ ಭಾಗವನ್ನು ಹಿಚ್ ಬಾಲ್ ಮೇಲೆ ಊರಬೇಕು. ಇದಕ್ಕೆ ಟಂಗ್ ವೇಟ್ ಅಂತಾರೆ. ಸಾಮಾನು ತುಂಬಿದ ನಮ್ಮ ಟ್ರೇಲರ್ 2,600 ಕೆಜಿ, ಟಂಗ್ ವೇಟ್ ಸುಮಾರು 320 ಕೆಜಿ. ಪಿಕಪ್‌ನ ಎರಡು ಆಕ್ಸಲ್‌ಗಳ ನಡುವೆ 3 ಮೀಟರ್, ಹಿಂದಿನ ಆಕ್ಸಲ್‌ನಿಂದ ಬಾಲ್‌ಗೆ 1.5 ಮೀಟರ್ ಅಂದುಕೊಳ್ಳಿ. ಹಿಂದಿನ ಆಕ್ಸಲ್ ಏತದ ಕಂಬದ ಹಾಗೆ ನಿಂತು, ಮುಂದಿನ ಚಕ್ರಗಳ ಮೇಲಿಂದ 160 ಕೆಜಿ ಎತ್ತಿಬಿಡುತ್ತೆ. ಹಿಂದಿನ ಆಕ್ಸಲ್ ಮೇಲೆ 320 ಅಲ್ಲ, 480 ಕೆಜಿ ಹೆಚ್ಚಾಗುತ್ತೆ. ಸ್ಟೀರಿಂಗ್ ಇರೋದು ಮುಂದಿನ ಚಕ್ರಕ್ಕೆ, ಬ್ರೇಕಿನ ಹೆಚ್ಚು ಕೆಲಸವೂ ಅಲ್ಲೇ. ಅವೇ ಹಗುರಾದರೆ ಗಾಡಿ ಮಾತು ಕೇಳಲ್ಲ.

ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ ಇರೋದೇ ಇದಕ್ಕೆ. ಕಟ್ಟಡ ಕೆಲಸದಲ್ಲಿ ಸಿಮೆಂಟ್ ಒಯ್ಯೋ ಒಂಟಿಚಕ್ರದ ಕೈಗಾಡಿ ನೋಡಿದ್ದೀರಲ್ಲ? ಹಿಡಿಕೆ ಎತ್ತಿದರೆ ಭಾರ ಮುಂದಿನ ಚಕ್ರಕ್ಕೆ ಹೋಗುತ್ತೆ. ಹಿಚ್‌ನ ಎರಡು ಸ್ಪ್ರಿಂಗ್ ಬಾರ್‌ಗಳೇ ಆ ಹಿಡಿಕೆಗಳು. ಅವುಗಳ ತುದಿಯನ್ನು ಟ್ರೇಲರ್ ಫ್ರೇಮಿಗೆ ಸರಪಳಿಯಿಂದ ಎತ್ತಿ ಬಿಗಿದರೆ ಒಂದಷ್ಟು ಭಾರ ಪಿಕಪ್‌ನ ಮುಂದಿನ ಆಕ್ಸಲ್‌ಗೆ, ಒಂದಷ್ಟು ಟ್ರೇಲರ್ ಚಕ್ರಗಳಿಗೆ ಹೋಗುತ್ತೆ. ಮುಂದೆ ಕಳೆದುಕೊಂಡ 160ರಲ್ಲಿ 80 ಕೆಜಿ ವಾಪಸ್ ಬಂದರೆ, ಟ್ರೇಲರ್ ಚಕ್ರಗಳಿಗೆ ಸುಮಾರು 40 ಕೆಜಿ ಸೇರುತ್ತೆ.

ಒಂದು ಟ್ರಕ್ ಸ್ಟಾಪ್‌ನ ಸಮತಟ್ಟಾದ ಮೂಲೆಯಲ್ಲಿ ನಿಲ್ಲಿಸಿ, ಟ್ರೇಲರ್ ಬಿಚ್ಚಿ, ಮೊದಲಿಂದ ಶುರು ಮಾಡಿದೆ. ಕ್ರಮ ಹೀಗೆ:

ಒಂದು, ಟ್ರೇಲರ್ ಕಟ್ಟದೆ ಅಳೆಯಿರಿ. ಜನ, ಸಾಮಾನು ಎಲ್ಲ ಇರುವಾಗಲೇ ನೆಲದಿಂದ ಮುಂದಿನ ಚಕ್ರದ ಕಮಾನಿನವರೆಗಿನ ಎತ್ತರ ಬರೆದುಕೊಳ್ಳಿ. ನಮ್ಮದು 37 ಇಂಚು.

ಎರಡು, ಬಾಲ್‌ನ ಎತ್ತರ. ಟ್ರೇಲರ್ ಮಟ್ಟವಾಗಿ ನಿಂತಾಗ ಅದರ ಕಪ್ಲರ್ ಎಷ್ಟು ಎತ್ತರದಲ್ಲಿದೆಯೋ ಅದಕ್ಕೆ ಹೊಂದುವ ಹಾಗೆ, ಹಿಚ್ ಕೈಪಿಡಿ ಹೇಳಿದಂತೆ ಬಾಲ್ ಕೂರಿಸಿ. ನನ್ನ ಮೊದಲ ತಪ್ಪು ಇದ್ದದ್ದು ಇಲ್ಲೇ.

ಮೂರು, ಸ್ಪ್ರಿಂಗ್ ಬಾರ್ ಹಾಕದೆ ಟ್ರೇಲರ್ ಕಟ್ಟಿ ಅದೇ ಜಾಗ ಅಳೆಯಿರಿ. ನಮ್ಮದು 38.5 ಇಂಚು. ಮೂತಿ ಒಂದೂವರೆ ಇಂಚು ಎದ್ದಿತ್ತು.

ನಾಲ್ಕು, ಬಾರ್ ಬಿಗಿಯೋದು. ಕಪ್ಲರ್ ಲಾಕ್ ಆಗಿದೆ ಅಂತ ಖಾತ್ರಿ ಮಾಡಿಕೊಂಡು, ಟ್ರೇಲರಿನ ಮುಂದಿನ ಜ್ಯಾಕ್ ಎತ್ತಿ. ಪಿಕಪ್‌ನ ಹಿಂಭಾಗವೂ ಜೊತೆಗೇ ಏಳುತ್ತೆ, ಆಗ ಬಾರ್ ಸಲೀಸಾಗಿ ಸಿಕ್ಕುತ್ತೆ. ಬರೀ ತೋಳುಬಲದಿಂದ ಎಳೆಯೋಕೆ ಹೋಗಬೇಡಿ. ಬಿಗಿಯಾದ ಬಾರ್ ತಪ್ಪಿಸಿಕೊಂಡರೆ ಕೈ ಮುರಿಯುತ್ತೆ. ಪಕ್ಕಕ್ಕೆ ನಿಂತು ಕೆಲಸ ಮಾಡಿ, ಮಕ್ಕಳನ್ನು ದೂರ ಇಡಿ.

ಐದು, ಜ್ಯಾಕ್ ಇಳಿಸಿ ಮತ್ತೆ ಅಳೆಯಿರಿ. ಎದ್ದ ಎತ್ತರದಲ್ಲಿ ಎಷ್ಟು ಇಳಿಯಬೇಕು ಅನ್ನೋದನ್ನ ನಿಮ್ಮ ಗಾಡಿಯ ಕೈಪಿಡಿ ಹೇಳುತ್ತೆ. ನನ್ನ ಪಿಕಪ್‌ಗೆ ಅರ್ಧ, ಅಂದರೆ ಮುಕ್ಕಾಲು ಇಂಚು ಇಳಿದು 37.75ಕ್ಕೆ ಬರಬೇಕು. ಟ್ರೇಲರ್ ಕಟ್ಟುವ ಮೊದಲಿನ ಎತ್ತರಕ್ಕಿಂತ ಕೆಳಗೆ ಮಾತ್ರ ಇಳಿಸಬೇಡಿ, ಆಗ ಹಿಂದಿನ ಚಕ್ರ ಹಗುರಾಗಿ ಜಾರುತ್ತೆ. ಸಾಲದಿದ್ದರೆ ಸರಪಳಿಯನ್ನು ಒಂದು ಕೊಂಡಿ ಗಿಡ್ಡ ಮಾಡಿ, ಇಲ್ಲವೇ ಹಿಚ್‌ನ ತಲೆಯನ್ನು ಟ್ರೇಲರ್ ಕಡೆಗೆ ಇನ್ನಷ್ಟು ಬಾಗಿಸಿ. ನಮಗೆ ಒಂದು ಕೊಂಡಿ ಸಾಕಾಯ್ತು.

ಆರು, ತೂಕ ಹಾಕಿಸಿ. ಅಮೆರಿಕದ ಟ್ರಕ್ ಸ್ಟಾಪ್‌ಗಳಲ್ಲಿ ಕ್ಯಾಟ್ ಸ್ಕೇಲ್ ಅನ್ನೋ ತೂಕದ ಕಟ್ಟೆ ಇರುತ್ತೆ. ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಟ್ರೇಲರ್ ಮೂರಕ್ಕೂ ಬೇರೆ ಬೇರೆ ತೂಕ ಚೀಟಿಯಲ್ಲಿ ಬರುತ್ತೆ. ಬಾರ್ ಬಿಗಿದು ಒಮ್ಮೆ, ಬಿಚ್ಚಿ ಒಮ್ಮೆ, ಟ್ರೇಲರ್ ಇಲ್ಲದೆ ಒಮ್ಮೆ ಹಾಕಿಸಿ. ಟೇಪ್ ಅಂದಾಜು ಹೇಳುತ್ತೆ, ಚೀಟಿ ಸತ್ಯ ಹೇಳುತ್ತೆ.

ಚೀಟಿ ನೋಡಿ ನನ್ನ ಎರಡನೇ ತಪ್ಪೂ ಗೊತ್ತಾಯ್ತು. ಡ್ರೈವರ್ ಬಾಗಿಲು ತೆಗೆದರೆ ಕಾಣೋ ಸ್ಟಿಕರ್ ಪ್ರಕಾರ ಜನ, ಸಾಮಾನು ಸೇರಿ ನನ್ನ ಪಿಕಪ್ ಹೊರಬಹುದಾದ್ದು 700 ಕೆಜಿ. ನಾವು ಐದು ಜನ 300, ಟಂಗ್ ವೇಟ್ 320, ಹಿಚ್ 40. ಅಲ್ಲಿಗೇ 660. ಅದರ ಮೇಲೆ ಹಿಂದಿನ ತೊಟ್ಟಿಯಲ್ಲಿ ನೀರಿನ ಕ್ಯಾನ್, ಅಕ್ಕಿ ಚೀಲ, ಗ್ರಿಲ್ ಅಂತ ನೂರು ಕೆಜಿ ಹೇರಿದ್ದೆ. ಹಿಚ್ ಭಾರವನ್ನು ಹಂಚುತ್ತೆ, ಗಾಡಿಯ ಮಿತಿಯನ್ನು ಹೆಚ್ಚಿಸಲ್ಲ. ಕ್ಯಾನಿನ ನೀರು ಚೆಲ್ಲಿ, ಉಳಿದದ್ದನ್ನು ಟ್ರೇಲರಿನ ಚಕ್ರಗಳ ಮೇಲ್ಭಾಗಕ್ಕೆ ಸಾಗಿಸಿ, ಇನ್ನೊಮ್ಮೆ ಅಳೆದೆವು. ಟ್ರೇಲರಿನ ಬಾಲಕ್ಕೆ ಹಾಕಿದ್ದರೆ ಟಂಗ್ ವೇಟ್ ಕಡಿಮೆಯಾಗಿ ಟ್ರೇಲರ್ ಹಾವಿನಂತೆ ಹೊರಳಾಡೋಕೆ ಶುರುವಾಗುತ್ತೆ. ಅಕಸ್ಮಾತ್ ಹಾಗಾದರೆ ಬ್ರೇಕ್ ಒದೆಯಬೇಡಿ. ಆಕ್ಸಿಲರೇಟರ್ ಬಿಡಿ, ಸ್ಟೀರಿಂಗ್ ನೇರ ಹಿಡಿಯಿರಿ, ಟ್ರೇಲರ್ ಬ್ರೇಕನ್ನು ಮಾತ್ರ ಕೈಯಿಂದ ಒತ್ತಿ.

ಇನ್ನೊಂದು ಮಾತು. ಕೆಲವು ಗಾಡಿಗಳಿಗೆ ಈ ಹಿಚ್ ಬಳಸಲೇಬಾರದು ಅಂತ ತಯಾರಕರೇ ಹೇಳಿರ್ತಾರೆ. ಮೊದಲು ಕೈಪಿಡಿ ಓದಿ.

ಇಷ್ಟಕ್ಕೆಲ್ಲ ಎರಡು ಗಂಟೆ ಹಿಡೀತು. ಅವ್ವ ಅಷ್ಟರಲ್ಲಿ ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ಹಂಚಿದ್ದರು. ಮತ್ತೆ ರಸ್ತೆಗೆ ಇಳಿದಾಗ ಗಾಳಿ ಹಾಗೇ ಇತ್ತು, ಲಾರಿಗಳೂ ಹಾಗೇ ಹಾದವು. ಗಾಡಿ ಮಾತ್ರ ನೆಲ ಹಿಡಿದಿತ್ತು. ಅಪ್ಪ ಏನೂ ಹೇಳಲಿಲ್ಲ, ಸೀಟ್ ಹಿಂದಕ್ಕೆ ಬಾಗಿಸಿ ನಿದ್ದೆ ಹೋದರು. ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ನನಗೆ ಬೇಕಿರಲಿಲ್ಲ.

ಹಾಗಾಗಿ "ಸೆಟ್ ಆಗಿದೆ" ಅಂತ ಯಾರಾದರೂ ಹೇಳಿದರೆ, ಯಾವ ಗಾಡಿಗೆ, ಎಷ್ಟು ಸಾಮಾನಿಗೆ ಅಂತ ಕೇಳಿ. ಎರಡರಲ್ಲಿ ಒಂದು ಬದಲಾದರೂ ಮತ್ತೆ ಟೇಪ್ ಹಿಡಿಯಿರಿ. ಈ ಸಲ ಅಮೆರಿಕಕ್ಕೆ ಹೊರಟಿರೋ ಗೆಳೆಯರಿದ್ದರೆ ಅವರಿಗೂ ತಿಳಿಸಿ.