ಬಿಯರ್ ರುಚಿಪರೀಕ್ಷೆ

ಬಿಯರ್ ರುಚಿಪರೀಕ್ಷೆ ಎಂಬುದು ಬಿಯರಿನ ನೋಟ, ವಾಸನೆ, ರುಚಿ ಹಾಗೂ ಅದು ಬಾಯಲ್ಲಿ ಉಂಟುಮಾಡುವ ಸ್ಪರ್ಶಾನುಭವವನ್ನು ಕ್ರಮವಾಗಿ ಗಮನಿಸಿ, ಮಾತಿನಲ್ಲಿ ವಿವರಿಸಿ, ಅಗತ್ಯವಿದ್ದಲ್ಲಿ ಅಂಕ ನೀಡುವ ವಿಧಾನ. ಬ್ರೂವರಿಗಳು ತಮ್ಮ ತಯಾರಿಕೆಯ ಗುಣಮಟ್ಟವನ್ನು ಕಾಯ್ದುಕೊಳ್ಳಲು, ಸ್ಪರ್ಧೆಗಳ ತೀರ್ಪುಗಾರರು ಬಹುಮಾನ ನಿರ್ಧರಿಸಲು, ವಿಮರ್ಶಕರು ಹಾಗೂ ಹವ್ಯಾಸಿಗಳು ತಮ್ಮ ಅಭಿಪ್ರಾಯ ದಾಖಲಿಸಲು ಇದನ್ನು ಬಳಸುತ್ತಾರೆ. ಸಣ್ಣ ಪ್ರಮಾಣದಲ್ಲಿ, ಸ್ವತಂತ್ರವಾಗಿ ತಯಾರಾಗುವ ಕ್ರಾಫ್ಟ್ ಬಿಯರುಗಳು 20ನೆಯ ಶತಮಾನದ ಕೊನೆಯ ದಶಕಗಳಲ್ಲಿ ಹೆಚ್ಚಿದಂತೆ ಈ ಪದ್ಧತಿಯೂ ಬ್ರೂವರಿಯ ಪ್ರಯೋಗಾಲಯದಿಂದ ಹೊರಬಂದು ಸಾರ್ವಜನಿಕವಾಯಿತು.

ರುಚಿಪರೀಕ್ಷೆಯ ಉಪಕರಣ ಮನುಷ್ಯನ ಮೂಗು ಮತ್ತು ನಾಲಿಗೆ. ಇವೆರಡೂ ಸೂಕ್ಷ್ಮವಾದವು, ಆದರೆ ಸುಲಭವಾಗಿ ಮೋಸಹೋಗುವಂಥವು. ಬಾಟಲಿಯ ಚೀಟಿ, ಬೆಲೆ, ಬಣ್ಣ, ಪಕ್ಕದವರ ಉದ್ಗಾರ, ಹಿಂದಿನ ಲೋಟದಲ್ಲಿದ್ದ ಪಾನೀಯ, ಇವೆಲ್ಲವೂ ತೀರ್ಪನ್ನು ಬಾಗಿಸಬಲ್ಲವು. ರುಚಿಪರೀಕ್ಷೆಯ ನಿಯಮಗಳಲ್ಲಿ ಬಹುಪಾಲು ಇಂಥ ಪ್ರಭಾವಗಳಿಂದ ತೀರ್ಪನ್ನು ದೂರವಿಡುವುದಕ್ಕಾಗಿಯೇ ರೂಪುಗೊಂಡಿವೆ.

ಇತಿಹಾಸ

ಬ್ರೂವರಿಗಳ ಒಳಗೆ ರುಚಿ ನೋಡುವ ರೂಢಿ ಬಿಯರಿನಷ್ಟೇ ಹಳೆಯದು. ಅದಕ್ಕೆ ಶಾಸ್ತ್ರೀಯ ರೂಪ ದೊರೆತದ್ದು ಮಾತ್ರ 20ನೆಯ ಶತಮಾನದಲ್ಲಿ. 1940ರ ದಶಕದಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಬ್ರೂವರಿಯಲ್ಲಿ ತ್ರಿಕೋನ ಪರೀಕ್ಷೆ ಎಂಬ ವಿಧಾನ ಬಳಕೆಗೆ ಬಂದಿತು. ಇದರಲ್ಲಿ ಪರೀಕ್ಷಕನ ಮುಂದೆ ಮೂರು ಲೋಟಗಳನ್ನಿಡಲಾಗುತ್ತದೆ. ಎರಡರಲ್ಲಿ ಒಂದೇ ಬಿಯರ್ ಇರುತ್ತದೆ, ಮೂರನೆಯದರಲ್ಲಿ ಬೇರೆಯದು. ಬೇರೆಯದನ್ನು ಆತ ಗುರುತಿಸಬೇಕು. ಕುರುಡು ಊಹೆಯಿಂದಲೇ ಮೂರರಲ್ಲಿ ಒಂದು ಸಲ ಉತ್ತರ ಸರಿಯಾಗುವುದರಿಂದ, ಅದಕ್ಕಿಂತ ಗಣನೀಯವಾಗಿ ಹೆಚ್ಚು ಬಾರಿ ಸರಿಯುತ್ತರ ಬಂದರೆ ಮಾತ್ರ ಎರಡು ಬಿಯರುಗಳ ನಡುವೆ ನಿಜವಾದ ವ್ಯತ್ಯಾಸವಿದೆಯೆಂದು ಒಪ್ಪಲಾಗುತ್ತದೆ. ಯಾವುದು ಚೆನ್ನಾಗಿದೆ ಎಂಬ ಪ್ರಶ್ನೆ ಇಲ್ಲಿ ಏಳುವುದೇ ಇಲ್ಲ.

ಪದಗಳ ಕೊರತೆ ಮತ್ತೊಂದು ತೊಡಕಾಗಿತ್ತು. ಒಂದೇ ದೋಷವನ್ನು ಒಂದೊಂದು ಬ್ರೂವರಿ ಒಂದೊಂದು ಹೆಸರಿನಿಂದ ಕರೆಯುತ್ತಿತ್ತು. 1970ರ ದಶಕದಲ್ಲಿ ಡೆನ್ಮಾರ್ಕ್ ಮೂಲದ ವಿಜ್ಞಾನಿ ಮಾರ್ಟನ್ ಮೈಲ್‌ಗಾರ್ಡ್ ಮತ್ತು ಸಹೋದ್ಯೋಗಿಗಳು ಯುರೋಪ್ ಹಾಗೂ ಅಮೆರಿಕದ ಬ್ರೂವಿಂಗ್ ಸಂಘಗಳಿಗಾಗಿ ನೂರಕ್ಕೂ ಹೆಚ್ಚು ಪದಗಳ ಸ್ವಾದಚಕ್ರವನ್ನು ರೂಪಿಸಿದರು. ಚಕ್ರದ ನಡುಭಾಗದಲ್ಲಿ ಸ್ಥೂಲ ವರ್ಗಗಳೂ ಅಂಚಿನಲ್ಲಿ ನಿರ್ದಿಷ್ಟ ಪದಗಳೂ ಇರುತ್ತವೆ. ವೈನ್ ಕ್ಷೇತ್ರದ ಪ್ರಸಿದ್ಧ ಪರಿಮಳಚಕ್ರ ಪ್ರಕಟವಾದದ್ದು ಇದರ ನಂತರ, 1980ರ ದಶಕದಲ್ಲಿ.

ಸಾಮಾನ್ಯ ಓದುಗರಿಗೆ ಈ ವಿಷಯವನ್ನು ತಲುಪಿಸಿದವರಲ್ಲಿ ಇಂಗ್ಲೆಂಡಿನ ಪತ್ರಕರ್ತ ಮೈಕೆಲ್ ಜಾಕ್ಸನ್ (1942–2007) ಮೊದಲಿಗರು. ಇವರಿಗೂ ಅದೇ ಹೆಸರಿನ ಅಮೆರಿಕನ್ ಗಾಯಕನಿಗೂ ಸಂಬಂಧವಿಲ್ಲ. 1977ರಲ್ಲಿ ಪ್ರಕಟವಾದ ಅವರ 'ದಿ ವರ್ಲ್ಡ್ ಗೈಡ್ ಟು ಬಿಯರ್' ಗ್ರಂಥ ಜಗತ್ತಿನ ಬಿಯರುಗಳನ್ನು ಶೈಲಿಗಳಾಗಿ ವಿಂಗಡಿಸಿತು. ಬಿಯರನ್ನು ಅದು ಹುಟ್ಟಿದ ಊರು, ಪದ್ಧತಿ ಮತ್ತು ಉದ್ದೇಶಗಳ ಹಿನ್ನೆಲೆಯಲ್ಲಿ ಅಳೆಯಬೇಕೆಂಬ ದೃಷ್ಟಿ ಬಲಗೊಂಡದ್ದು ಈ ಗ್ರಂಥದಿಂದ. ಅಮೆರಿಕದಲ್ಲಿ 1985ರಲ್ಲಿ ಸ್ಥಾಪನೆಯಾದ ಬಿಯರ್ ಜಡ್ಜ್ ಸರ್ಟಿಫಿಕೇಷನ್ ಪ್ರೋಗ್ರಾಂ (ಬಿಜೆಸಿಪಿ) ಇದೇ ದೃಷ್ಟಿಯನ್ನು ಪರೀಕ್ಷೆ, ಪ್ರಮಾಣಪತ್ರ ಹಾಗೂ ಶೈಲಿ ಮಾರ್ಗಸೂಚಿಗಳ ಮೂಲಕ ವ್ಯವಸ್ಥಿತಗೊಳಿಸಿತು.

ವಿಧಾನ

ಲೋಟ ಶುಭ್ರವಾಗಿರಬೇಕು. ಇದು ಕೇವಲ ನೈರ್ಮಲ್ಯದ ಮಾತಲ್ಲ. ಜಿಡ್ಡಿನ ಅಥವಾ ಸಾಬೂನಿನ ಲವಲೇಶವೂ ನೊರೆಯನ್ನು ಕೊಲ್ಲುತ್ತದೆ. ಲೋಟದ ಒಳಗೋಡೆಗೆ ಗುಳ್ಳೆಗಳು ಅಂಟಿಕೊಂಡು ನಿಂತಿದ್ದರೆ ಅದು ಸರಿಯಾಗಿ ತೊಳೆದಿಲ್ಲದ ಲೋಟವೆಂದು ಅನುಭವಿಗಳು ತಿಳಿಯುತ್ತಾರೆ. ಹೆಚ್ಚು ತಣ್ಣಗಿರುವ ಬಿಯರಿನಿಂದ ಪರಿಮಳ ಹೊಮ್ಮುವುದಿಲ್ಲ. ಆದ್ದರಿಂದ ತಿಳಿಯಾದ ಲಾಗರನ್ನು ತಂಪಾಗಿ ಕೊಟ್ಟರೂ, ಇಂಗ್ಲಿಷ್ ಏಲ್ ಮತ್ತು ಗಾಢವಾದ ಸ್ಟೌಟುಗಳನ್ನು ಸುಮಾರು 12 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ನೀಡುವುದು ರೂಢಿ. ಸುಗಂಧದ್ರವ್ಯ, ಧೂಮಪಾನ ಹಾಗೂ ಖಾರದ ಊಟವನ್ನು ಪರೀಕ್ಷೆಗೆ ಮುನ್ನ ವರ್ಜಿಸಲಾಗುತ್ತದೆ. ಹಲವು ಬಿಯರುಗಳಿದ್ದಲ್ಲಿ ಹಗುರವಾದವುಗಳಿಂದ ಆರಂಭಿಸಿ ತೀಕ್ಷ್ಣವಾದವುಗಳತ್ತ ಸಾಗಬೇಕು. ನಡುನಡುವೆ ನೀರು, ಸಪ್ಪೆ ಬ್ರೆಡ್ ಅಥವಾ ಬಿಸ್ಕತ್ತಿನಿಂದ ಬಾಯಿಯನ್ನು ಶುಚಿಗೊಳಿಸಿಕೊಳ್ಳುತ್ತಾರೆ.

ಬಿಯರನ್ನು ಲೋಟಕ್ಕೆ ಸುರಿದ ಕೂಡಲೇ ಮೂಸುವುದು ಮೊದಲ ಹೆಜ್ಜೆ, ಏಕೆಂದರೆ ಬೇಗನೆ ಆವಿಯಾಗುವ ವಾಸನೆಗಳು ಕೆಲವೇ ನಿಮಿಷಗಳಲ್ಲಿ ಮಾಯವಾಗುತ್ತವೆ. ದೀರ್ಘವಾಗಿ ಎಳೆದುಕೊಳ್ಳುವುದಕ್ಕಿಂತ ಬಿಟ್ಟುಬಿಟ್ಟು ಚಿಕ್ಕದಾಗಿ ಮೂಸುವುದು ಮೇಲು. ಒಂದೇ ವಾಸನೆಗೆ ಒಗ್ಗಿಕೊಂಡ ಮೂಗು ಅದನ್ನು ಗುರುತಿಸುವುದನ್ನೇ ನಿಲ್ಲಿಸಿಬಿಡುತ್ತದೆ. ನಂತರ ಬಣ್ಣ, ತಿಳಿತನ ಮತ್ತು ನೊರೆ ನಿಲ್ಲುವ ಬಗೆಯನ್ನು ಗಮನಿಸಲಾಗುತ್ತದೆ.

ಗುಟುಕನ್ನು ಬಾಯಲ್ಲಿ ಹೊರಳಾಡಿಸಿ ನುಂಗುವುದು ಬಿಯರ್ ಪರೀಕ್ಷೆಯ ವಿಶೇಷ. ವೈನ್ ಪರೀಕ್ಷಕರು ಉಗಿಯುತ್ತಾರೆ. ಬಿಯರ್ ಪರೀಕ್ಷಕರು ಸಾಮಾನ್ಯವಾಗಿ ಸ್ವಲ್ಪವಾದರೂ ನುಂಗುತ್ತಾರೆ. ನಾಲಿಗೆಯ ತುದಿ ಸಿಹಿಗೆ, ಹಿಂಭಾಗ ಕಹಿಗೆ ಮೀಸಲು ಎಂಬ ಹಳೆಯ ನಕ್ಷೆಯನ್ನು ಇದಕ್ಕೆ ಕಾರಣವಾಗಿ ಹೇಳುವುದುಂಟು. ಆ ನಕ್ಷೆ ಸರಿಯಲ್ಲ. ನುಂಗಿದಾಗ ಗಂಟಲಿನ ಹಿಂಬದಿಯಿಂದ ಮೂಗಿಗೆ ಏರುವ ಪರಿಮಳ ಹಾಗೂ ಹಾಪ್ ಹೂವಿನ ಕಹಿ ಎಷ್ಟು ಹೊತ್ತು, ಹೇಗೆ ಉಳಿಯುತ್ತದೆ ಎಂಬುದೇ ಇಲ್ಲಿ ಮುಖ್ಯ. ನುಂಗುವುದರಿಂದ ಮದ್ಯಸಾರ ದೇಹಕ್ಕೆ ಸೇರಿ ವಿವೇಚನೆ ಮಂಕಾಗುವ ಅಪಾಯವೂ ಇದೆ. ಆ ಕಾರಣಕ್ಕಾಗಿಯೇ ಸ್ಪರ್ಧೆಗಳಲ್ಲಿ ಒಂದೊಂದು ಮಾದರಿಯೂ 60ರಿಂದ 90 ಮಿಲಿಲೀಟರಿನಷ್ಟೇ ಇರುತ್ತದೆ.

ಕೊನೆಯದಾಗಿ ಬಾಯಿಯ ಅನುಭವ: ಬಿಯರಿನ ತೆಳುವು ಅಥವಾ ದಪ್ಪ, ಅನಿಲದ ಚುರುಕು, ಮದ್ಯಸಾರದ ಬಿಸುಪು, ಒಗರು.

ದೋಷಗಳು

ತರಬೇತಿ ಪಡೆದ ಪರೀಕ್ಷಕನಿಗೂ ಸಾಮಾನ್ಯ ಗ್ರಾಹಕನಿಗೂ ಇರುವ ದೊಡ್ಡ ಅಂತರವೆಂದರೆ ದೋಷವನ್ನು ಅದರ ಮೂಲದವರೆಗೆ ಹಿಂಬಾಲಿಸುವ ಶಕ್ತಿ. ಬೆಣ್ಣೆಯಂಥ ವಾಸನೆ ಡೈಅಸಿಟೈಲ್ ಎಂಬ ಸಂಯುಕ್ತದ್ದು. ಯೀಸ್ಟಿಗೆ ತನ್ನ ಕೆಲಸ ಪೂರೈಸಲು ಸಾಕಷ್ಟು ಸಮಯ ಕೊಡದಿದ್ದಲ್ಲಿ ಅಥವಾ ಕೊಳವೆಗಳಲ್ಲಿ ಬ್ಯಾಕ್ಟೀರಿಯಾ ಸೇರಿಕೊಂಡಲ್ಲಿ ಅದು ಉಳಿಯುತ್ತದೆ. ಹಸಿರು ಸೇಬಿನ ವಾಸನೆ ಅಸಿಟಾಲ್ಡಿಹೈಡಿನದು, ಸಾಮಾನ್ಯವಾಗಿ ಎಳೆಯ ಬಿಯರಿನ ಲಕ್ಷಣ. ಬೇಯಿಸಿದ ಮೆಕ್ಕೆಜೋಳದ ವಾಸನೆ ಡೈಮೀಥೈಲ್ ಸಲ್ಫೈಡಿನಿಂದ ಬರುತ್ತದೆ. ಇದರ ಮೂಲವಸ್ತು ಮಾಲ್ಟಿನಲ್ಲಿಯೇ ಇರುವುದರಿಂದ ರಸವನ್ನು ಚೆನ್ನಾಗಿ ಕುದಿಸಿ ಆವಿಯನ್ನು ಹೊರಬಿಡಬೇಕು. ಒದ್ದೆಯಾದ ರಟ್ಟಿನ ವಾಸನೆ ಬಂದರೆ ಬಿಯರ್ ಹಳತಾಗಿ ಆಮ್ಲಜನಕದ ಸಂಪರ್ಕದಿಂದ ಕೆಟ್ಟಿದೆ ಎಂದರ್ಥ.

ಇವುಗಳಲ್ಲಿ ವಿಚಿತ್ರವಾದದ್ದು ಬೆಳಕಿನ ದೋಷ. ಹಾಪ್ ಹೂವಿನ ಕಹಿ ಆಮ್ಲಗಳು ಬಿಯರಿನಲ್ಲಿಯೇ ಇರುವ ರೈಬೋಫ್ಲೇವಿನ್ ಸಮ್ಮುಖದಲ್ಲಿ ಬೆಳಕಿಗೆ ಸಿಕ್ಕಾಗ ಒಡೆದು, ಗಂಧಕವುಳ್ಳ ಒಂದು ಸಂಯುಕ್ತವಾಗುತ್ತವೆ. ಮನುಷ್ಯನ ಮೂಗು ಇದನ್ನು ಲಕ್ಷ ಕೋಟಿಯಲ್ಲಿ ಕೆಲವೇ ಭಾಗಗಳಷ್ಟಿದ್ದರೂ ಹಿಡಿಯಬಲ್ಲದು. ಪಾಶ್ಚಾತ್ಯ ಬರಹಗಳಲ್ಲಿ ಇದನ್ನು ಸ್ಕಂಕ್ ಎಂಬ ಪ್ರಾಣಿಯ ದುರ್ವಾಸನೆಗೆ ಹೋಲಿಸುವುದು ರೂಢಿಯಾಗಿದೆ. ಆ ಪ್ರಾಣಿಯನ್ನು ಕಾಣದ ಭಾರತದ ಪರೀಕ್ಷಕರಿಗೆ ಸುಟ್ಟ ರಬ್ಬರಿನ ಹೋಲಿಕೆ ಹೆಚ್ಚು ಉಪಯುಕ್ತ. ಕಂದು ಗಾಜು ಈ ಕ್ರಿಯೆಯನ್ನು ಬಹುಮಟ್ಟಿಗೆ ತಡೆಯುತ್ತದೆ. ಹಸಿರು ಮತ್ತು ಬಣ್ಣರಹಿತ ಗಾಜುಗಳು ಅಷ್ಟಾಗಿ ತಡೆಯಲಾರವು.

ಶೈಲಿ ಮತ್ತು ತೀರ್ಪು

ದೋಷವೆಂಬುದು ನಿರಪೇಕ್ಷವಲ್ಲ. ಮಾಗಿದ ಬಾಳೆಹಣ್ಣಿನ ವಾಸನೆ ಜರ್ಮನ್ ಲಾಗರಿನಲ್ಲಿ ಕಂಡರೆ ಹುದುಗುವಿಕೆ ಹದ ತಪ್ಪಿದೆ ಎಂದು ಅಂಕ ಕಳೆಯಲಾಗುತ್ತದೆ. ಬವೇರಿಯಾದ ಗೋಧಿ ಬಿಯರಾದ ಹೆಫೆವೈಜನ್‌ನಲ್ಲಿ ಅದೇ ವಾಸನೆ ಇಲ್ಲದಿದ್ದರೆ ಅಂಕ ಕಡಿಮೆಯಾಗುತ್ತದೆ. ಹುಳಿ ಬೆಲ್ಜಿಯಂನ ಲ್ಯಾಂಬಿಕ್‌ಗೆ ಗುಣ, ಪಿಲ್ಸ್‌ನರ್‌ಗೆ ಕೇಡು. ಕೆಲವು ಜೆಕ್ ಲಾಗರುಗಳಲ್ಲಿ ಬೆಣ್ಣೆಯ ಸುಳಿವನ್ನೂ ಒಪ್ಪಿಕೊಳ್ಳಲಾಗುತ್ತದೆ. ತೀರ್ಪುಗಾರನ ಮುಂದಿರುವ ಪ್ರಶ್ನೆ ಈ ಬಿಯರ್ ತನಗೆ ಇಷ್ಟವಾಯಿತೇ ಎಂಬುದಲ್ಲ. ತಯಾರಕ ಏನನ್ನು ಮಾಡಲು ಹೊರಟನೋ ಅದು ಸಿದ್ಧಿಸಿದೆಯೇ ಎಂಬುದು.

ಬಿಜೆಸಿಪಿ ಅಂಕಪತ್ರದಲ್ಲಿ ಒಟ್ಟು 50 ಅಂಕಗಳಿವೆ. ಪರಿಮಳಕ್ಕೆ 12, ನೋಟಕ್ಕೆ 3, ಸ್ವಾದಕ್ಕೆ 20, ಬಾಯಿಯ ಅನುಭವಕ್ಕೆ 5, ಒಟ್ಟಾರೆ ಅಭಿಪ್ರಾಯಕ್ಕೆ 10. ನೋಡಿದೊಡನೆ ಕಣ್ಸೆಳೆಯುವ ಬಣ್ಣಕ್ಕೆ ಕೇವಲ 3 ಅಂಕ ಮೀಸಲಿಟ್ಟಿರುವುದು ಅರ್ಥಪೂರ್ಣ. 45ಕ್ಕೂ ಮೇಲ್ಪಟ್ಟ ಅಂಕ ವಿರಳ. ಮಾದರಿಗಳನ್ನು ಸಂಖ್ಯೆಯಿಂದ ಮಾತ್ರ ಗುರುತಿಸಲಾಗುತ್ತದೆ, ತಯಾರಕರ ಹೆಸರು ತೀರ್ಪುಗಾರರಿಗೆ ತಿಳಿಯುವುದಿಲ್ಲ. ಪ್ರತಿಯೊಬ್ಬರೂ ಮೊದಲು ಮೌನವಾಗಿ ಬರೆದು, ಬಳಿಕವಷ್ಟೇ ಚರ್ಚಿಸುತ್ತಾರೆ. ಅಂಕಪತ್ರ ತಯಾರಕನಿಗೆ ಮರಳುವುದರಿಂದ, ಅಂಕಕ್ಕಿಂತ ಅದರಲ್ಲಿನ ಟಿಪ್ಪಣಿಯಿಂದ ಆತನಿಗೆ ಹೆಚ್ಚು ಪ್ರಯೋಜನ.

ಶೈಲಿಯ ಗೆರೆಗಳು ಸ್ಥಿರವೂ ಅಲ್ಲ. ಇಂಡಿಯಾ ಪೇಲ್ ಏಲ್ ಎಂಬ ಶೈಲಿಯಲ್ಲಿ ಮಬ್ಬು ಒಂದು ಕಾಲಕ್ಕೆ ಕುಂದೆನಿಸಿತ್ತು. ಅಮೆರಿಕದ ವರ್ಮಾಂಟ್ ರಾಜ್ಯದ 'ದಿ ಆಲ್ಕೆಮಿಸ್ಟ್' ಬ್ರೂವರಿಯ 'ಹೆಡಿ ಟಾಪರ್' ಮೊದಲಾದ ಬಿಯರುಗಳು ಮಬ್ಬನ್ನೇ ಗುರುತಾಗಿಸಿಕೊಂಡು ಜನಪ್ರಿಯವಾದವು. 2018ರಲ್ಲಿ ಅಮೆರಿಕದ ಬ್ರೂವರ್ಸ್ ಅಸೋಸಿಯೇಷನ್ ಮಬ್ಬಾದ ಏಲ್‌ಗಳನ್ನು ಪ್ರತ್ಯೇಕ ಶೈಲಿಗಳಾಗಿ ಮಾರ್ಗಸೂಚಿಗೆ ಸೇರಿಸಿತು. ಪರಿಮಳಕ್ಕಾಗಿ ಲೋಟವೇ ಬೇಕೆಂಬ ಪರೀಕ್ಷಕರ ನಿಯಮಕ್ಕೆ ವಿರುದ್ಧವಾಗಿ, ಹೆಡಿ ಟಾಪರ್ ಡಬ್ಬಿಯ ಮೇಲೆ ಡಬ್ಬಿಯಿಂದಲೇ ಕುಡಿಯಿರಿ ಎಂಬ ಸೂಚನೆಯಿತ್ತು.

ಸಾರ್ವಜನಿಕ ಅಂಕಗಳು

1996ರಲ್ಲಿ ಆರಂಭವಾದ ಬಿಯರ್ ಅಡ್ವೊಕೇಟ್, 2000ದ ರೇಟ್‌ಬಿಯರ್ ಹಾಗೂ 2010ರ ಅನ್‌ಟ್ಯಾಪ್ಡ್ ಎಂಬ ಅಂತರಜಾಲ ಸೇವೆಗಳು ಅಂಕ ನೀಡುವ ಅಧಿಕಾರವನ್ನು ಎಲ್ಲರಿಗೂ ತೆರೆದಿಟ್ಟವು. ಸಣ್ಣ ಬ್ರೂವರಿಗಳಿಗೆ ಇದರಿಂದ ಜಾಹೀರಾತಿಲ್ಲದೆ ಹೆಸರು ದೊರೆಯಿತು. ಕೆಲವೊಮ್ಮೆ ಬೇಡದಷ್ಟು ದೊರೆತದ್ದೂ ಉಂಟು. 2005ರಲ್ಲಿ ಬೆಲ್ಜಿಯಂನ ಸೇಂಟ್ ಸಿಕ್ಸ್ಟಸ್ ಮಠದ ಸನ್ಯಾಸಿಗಳು ತಯಾರಿಸುವ 'ವೆಸ್ಟ್‌ವ್ಲೆಟರೆನ್ 12' ರೇಟ್‌ಬಿಯರ್ ಪಟ್ಟಿಯಲ್ಲಿ ಜಗತ್ತಿನ ಶ್ರೇಷ್ಠ ಬಿಯರ್ ಎನಿಸಿದಾಗ ಮಠದ ಬಾಗಿಲಿಗೆ ಕಾರುಗಳ ಸಾಲು ನೆರೆಯಿತು. ಮಠದ ನಿರ್ವಹಣೆಗೆ ಬೇಕಾದಷ್ಟೇ ಆದಾಯ ಸಾಕೆಂದು ಸನ್ಯಾಸಿಗಳು ತಯಾರಿಕೆಯನ್ನು ಹೆಚ್ಚಿಸಲಿಲ್ಲ.

ಇಂಥ ಪಟ್ಟಿಗಳ ಮೇಲಿರುವ ಮುಖ್ಯ ಆಕ್ಷೇಪಣೆ ತೀಕ್ಷ್ಣತೆಯ ಪಕ್ಷಪಾತ. ಅಗ್ರಸ್ಥಾನಗಳಲ್ಲಿ ಇಂಪೀರಿಯಲ್ ಸ್ಟೌಟಿನಂಥ ಗಾಢ, ಮದ್ಯಸಾರ ಹೆಚ್ಚಿರುವ ಬಿಯರುಗಳೇ ತುಂಬಿರುತ್ತವೆ. ಹತ್ತಾರು ಬಿಯರುಗಳನ್ನು ಒಂದೆರಡು ಗುಟುಕಿನಲ್ಲಿ ನೋಡಿದಾಗ ಮೊದಲ ಗುಟುಕಿಗೇ ಬಾಯಿ ತುಂಬುವ ಬಿಯರ್ ಗೆಲ್ಲುವುದು ಸಹಜ. ಇಂಗ್ಲೆಂಡಿನ ಪಬ್ಬುಗಳಲ್ಲಿ ಸಂಜೆಯಿಡೀ ಮಾತುಕತೆಯ ಜೊತೆಗೆ ಸಾಗಲೆಂದು ತಯಾರಾಗುವ, ಶೇಕಡಾ 3.5ರಿಂದ 4ರಷ್ಟು ಮದ್ಯಸಾರದ ಬಿಟರ್ ಈ ಲೆಕ್ಕದಲ್ಲಿ ಮೇಲೇರುವುದೇ ಇಲ್ಲ. ಅದರ ಗುಣ ಎರಡನೆಯ ಲೋಟದಲ್ಲಿ ತಿಳಿಯುವಂಥದು. ಶೈಲಿಯ ಒಳಗೆ ತೀರ್ಪು ನೀಡುವ ಪದ್ಧತಿ ಇಂಥ ಬಿಯರಿಗೆ ನ್ಯಾಯ ಒದಗಿಸುತ್ತದೆ, ಎಲ್ಲವನ್ನೂ ಒಂದೇ ಸಂಖ್ಯೆಗೆ ಇಳಿಸುವ ಪದ್ಧತಿ ಒದಗಿಸುವುದಿಲ್ಲ. ಬೆರಳೆಣಿಕೆಯ ಅಂಕಗಳಿಂದ ಪಟ್ಟಿ ಏರುಪೇರಾಗದಂತೆ ರೇಟ್‌ಬಿಯರ್ ತೂಕವುಳ್ಳ ಸರಾಸರಿಯನ್ನು ಬಳಸುತ್ತಿತ್ತು. ಅದರಿಂದ ಈ ಪಕ್ಷಪಾತ ನೀಗಲಿಲ್ಲ.

ಎರಡನೆಯ ಆಕ್ಷೇಪಣೆ ಒಡೆತನದ್ದು. ಜಗತ್ತಿನ ಅತಿದೊಡ್ಡ ಬಿಯರ್ ಕಂಪನಿಯಾದ ಎಬಿ ಇನ್‌ಬೆವ್‌ನ ಅಂಗಸಂಸ್ಥೆ ರೇಟ್‌ಬಿಯರಿನಲ್ಲಿ ಪಾಲು ಕೊಂಡಿರುವುದು 2017ರಲ್ಲಿ ಬಹಿರಂಗವಾದಾಗ, ಅಮೆರಿಕದ ಡಾಗ್‌ಫಿಶ್ ಹೆಡ್ ಬ್ರೂವರಿ ತನ್ನ ಬಿಯರುಗಳ ವಿಮರ್ಶೆಗಳನ್ನು ತೆಗೆದುಹಾಕುವಂತೆ ಕೋರಿತು. 2019ರಲ್ಲಿ ಇಡೀ ಸೇವೆ ಆ ಕಂಪನಿಯ ಕೈಸೇರಿತು.

ಕರ್ನಾಟಕದಲ್ಲಿ

ಬೆಂಗಳೂರಿನಲ್ಲಿ 2010ರ ದಶಕದ ಆರಂಭದಿಂದ ಮೈಕ್ರೋಬ್ರೂವರಿಗಳು ತೆರೆದವು. ತಯಾರಾದ ಸ್ಥಳದಲ್ಲಿಯೇ ತಾಜಾ ಬಿಯರ್ ಬಡಿಸುವ ಇವುಗಳಲ್ಲಿ ಹೆಫೆವೈಜನ್ ಹಾಗೂ ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ ಬೆರೆಸುವ ಬೆಲ್ಜಿಯಂ ಶೈಲಿಯ ಗೋಧಿ ಬಿಯರುಗಳು ಹೆಚ್ಚು ಪ್ರಚಲಿತ. ಮಾವಿನಹಣ್ಣು, ಬೆಲ್ಲ, ಅಕ್ಕಿ, ರಾಗಿಗಳನ್ನು ಬಳಸಿದ ಪ್ರಯೋಗಗಳೂ ನಡೆದಿವೆ. ಹೆಫೆವೈಜನ್ ಅನ್ನು ಮೊದಲ ಸಲ ಸವಿಯುವವರು ಬಾಳೆಹಣ್ಣು ಮತ್ತು ಲವಂಗವನ್ನು ಬೆರೆಸಿರಬೇಕೆಂದು ಭಾವಿಸುವುದುಂಟು. ಆ ಎರಡೂ ವಾಸನೆಗಳು ಯೀಸ್ಟಿನಿಂದಲೇ ಹುಟ್ಟಿದವು.

ರುಚಿಪರೀಕ್ಷೆಯ ಪರಿಭಾಷೆ ಬಹುತೇಕ ಇಂಗ್ಲಿಷಿನಲ್ಲಿಯೇ ಇದ್ದರೂ, ಅದಕ್ಕೆ ಹೊಂದುವ ಪದಗಳು ಕನ್ನಡದ ಅಡುಗೆಮನೆಯಲ್ಲಿ ಆಗಲೇ ಇವೆ. ನೇರಳೆಹಣ್ಣು, ಎಳೆಯ ಅಡಿಕೆ, ಬಾಳೆಕಾಯಿ ತಿಂದಾಗ ಬಾಯಿ ಬಿಗಿದುಕೊಳ್ಳುವ ಅನುಭವಕ್ಕೆ 'ಒಗರು' ಎಂಬ ಮಾತಿದೆ. ಧಾನ್ಯದ ಹೊಟ್ಟನ್ನು ಅತಿಯಾಗಿ ಬಿಸಿನೀರಿನಲ್ಲಿ ತೊಳೆದಾಗ ಬಿಯರಿಗೆ ಬರುವುದು ಇದೇ ಗುಣ. ಹೊಸ ಪರೀಕ್ಷಕರು ಇದನ್ನು ಕಹಿಯೊಂದಿಗೆ ಗೊಂದಲ ಮಾಡಿಕೊಳ್ಳುವುದು ಸಾಮಾನ್ಯ. ಹಳೆಯ ಕೊಬ್ಬರಿಯ ಕಮಟು, ಮಳೆಗಾಲದಲ್ಲಿ ಮುಚ್ಚಿಟ್ಟ ಬಟ್ಟೆಯ ಮುಗ್ಗಲು, ಒಗ್ಗರಣೆಯ ಘಾಟು, ಇವೂ ಒಂದೊಂದು ಬೇರೆ ಬೇರೆ ವಾಸನೆಯನ್ನು ಸೂಚಿಸುವ ಪದಗಳು. ಇವುಗಳಲ್ಲಿ ಕಮಟು ಮತ್ತು ಮುಗ್ಗಲು ಎರಡಕ್ಕೂ ಮೈಲ್‌ಗಾರ್ಡರ ಚಕ್ರದಲ್ಲಿ ಪ್ರತ್ಯೇಕ ಸ್ಥಾನಗಳಿವೆ.