ವಾಯುಸೇನೆಯ ಆಜ್ಞಾಸೂತ್ರ ಯಾರ ಕೈಯಲ್ಲಿರಬೇಕು?

ವಾಯುಸೇನೆಯೆಂದೊಡನೆ ನಮ್ಮ ಜನರ ಕಣ್ಣೆದುರು ನಿಲ್ಲುವದು ವಿಮಾನ ಹಾಗೂ ಅದನ್ನು ನಡೆಸುವ ತರುಣ ವೀರ. ಅದು ಸಹಜವೇ. ಆದರೆ ಆ ವಿಮಾನವು ಯಾರ ಅಪ್ಪಣೆಯಿಂದ ನೆಲ ಬಿಟ್ಟೇಳಬೇಕೆಂಬ ಪ್ರಶ್ನೆಯು ವೀರತ್ವಕ್ಕಿಂತ ಕಡಿಮೆ ಮಹತ್ತ್ವದ್ದಲ್ಲ. ೨೦೨೦ರ ಜನವರಿಯಲ್ಲಿ ಮೂರೂ ಸೇನೆಗಳಿಗೆ ಒಬ್ಬ ರಕ್ಷಣಾ ಮುಖ್ಯಸ್ಥರು ನೇಮಕವಾದಂದಿನಿಂದ, ಭೂ, ನೌಕಾ, ವಾಯುಬಲಗಳನ್ನು ಒಂದೊಂದು ರಣಕ್ಷೇತ್ರಕ್ಕೆ ಒಬ್ಬೊಬ್ಬ ಸೇನಾಪತಿಯ ಕೈಕೆಳಗೆ ಕೂಡಿಸಬೇಕೆಂಬ ವಿಚಾರವು ಚರ್ಚೆಗೆ ಬಂದಿರುವದರಿಂದ, ಇದನ್ನು ವಾಚಕರ ಮುಂದಿಡುವದು ಅವಶ್ಯವೆಂದು ನಮಗೆ ತೋರಿದೆ.

೧೯೩೨ರ ಅಕ್ಟೋಬರ ೮ರಂದು ಜನ್ಮ ತಾಳಿದ ನಮ್ಮ ವಾಯುಸೇನೆಯು ಮರುವರ್ಷ ಕರಾಚಿಯಲ್ಲಿ ನಾಲ್ಕೇ ವಾಪಿಟಿ ವಿಮಾನಗಳಿಂದ ಕೆಲಸಕ್ಕೆ ತೊಡಗಿತು. ಪರರ ಆಳಿಕೆಯಿದ್ದ ತನಕ ಅದರ ಮೇಲಿನ ಅಂತಿಮ ಅಧಿಕಾರವು ಭೂಸೇನೆಯ ಸೇನಾನಿಯೇ ಆಗಿರುತ್ತಿದ್ದ ಮಹಾಸೇನಾಪತಿಯದು. ೧೯೪೭ರಲ್ಲಿ ವಾಯುಸೇನೆಯ ಮುಖ್ಯನಾಗಲು ಒಪ್ಪಿದ ಎಲ್ಮ್‌ಹರ್ಸ್ಟನು, ಅದು ಭೂಸೇನೆಯ ಅಂಕೆಗೊಳಪಡದೆ ಸ್ವತಂತ್ರವಾಗಿರಬೇಕೆಂದು ಪಟ್ಟು ಹಿಡಿದನು. ಆತನು ಆಂಗ್ಲನಾದರೂ ಈ ಒಂದು ಉಪಕಾರವನ್ನು ನಾವು ಮರೆಯಲಾಗದು. ೧೯೫೪ರ ಏಪ್ರಿಲ ೧ರಂದು ಸುಬ್ರತೋ ಮುಖರ್ಜಿಯವರು ಆ ಪೀಠವನ್ನೇರಿದ ಮೊದಲ ಭಾರತೀಯರಾದರು. ಮರುವರ್ಷವೇ ‘ಸೇನಾಧಿಪತಿ’ ಎಂಬ ಬಿರುದು ಹೋಗಿ ‘ವಾಯುದಳ ಮುಖ್ಯಸ್ಥ’ ಎಂಬುದು ಬಂದಿತು. ಸರ್ವೋಚ್ಚ ಆಧಿಪತ್ಯವು ಸಂವಿಧಾನದ ಮೇರೆಗೆ ರಾಷ್ಟ್ರಪತಿಯವರದು.

ದಿಲ್ಲಿಯ ಮುಖ್ಯಾಲಯದ ಕೆಳಗೆ ಏಳು ಕಮಾಂಡುಗಳಿವೆ. ಪಶ್ಚಿಮದ್ದು ದಿಲ್ಲಿಯಲ್ಲಿ, ಮಧ್ಯದ್ದು ಪ್ರಯಾಗದಲ್ಲಿ, ನೈರುತ್ಯದ್ದು ಗಾಂಧಿನಗರದಲ್ಲಿ, ದಕ್ಷಿಣದ್ದು ತಿರುವನಂತಪುರದಲ್ಲಿ. ಪೂರ್ವದ್ದು ಮೊದಲು ಕಲಕತ್ತೆಯಲ್ಲಿದ್ದು, ಚೀನದ ದಾಳಿಯ ತರುವಾಯ ೧೯೬೩ರಲ್ಲಿ ಶಿಲ್ಲಾಂಗಿಗೆ ಸರಿಯಿತು. ಇವೈದೂ ಕಾಳಗದವು. ದುರಸ್ತಿ-ಸರಬರಾಯಿಯ ಕಮಾಂಡು ನಾಗಪುರದಲ್ಲಿಯೂ, ೧೯೪೯ರಲ್ಲಿ ಹುಟ್ಟಿದ ಶಿಕ್ಷಣ ಕಮಾಂಡು ನಮ್ಮ ಬೆಂಗಳೂರಿನಲ್ಲಿಯೂ ಇವೆ. ಪ್ರತಿ ಕಮಾಂಡಿಗೆ ಒಬ್ಬ ಏರ್ ಮಾರ್ಶಲ್, ಅವರ ಕೆಳಗೆ ವಿಂಗು, ಸ್ಟೇಶನ್ನು, ಕಟ್ಟಕಡೆಗೆ ಸ್ಕ್ವಾಡ್ರನ್ನು. ಸ್ಕ್ವಾಡ್ರನ್ನನ್ನು ನಡೆಸುವವನು ‘ಸ್ಕ್ವಾಡ್ರನ್ ಲೀಡರ’ನಲ್ಲ, ಸಾಮಾನ್ಯವಾಗಿ ‘ವಿಂಗ್ ಕಮಾಂಡರ’ನೆಂಬುದು ಆಂಗ್ಲರು ಬಿಟ್ಟುಹೋದ ವಿನೋದಗಳಲ್ಲೊಂದು!

ಈ ಶ್ರೇಣಿಯ ಉಪಯೋಗವೇನೆಂಬುದು ೧೯೭೧ರ ಡಿಸೆಂಬರ ೧೪ರಂದು ಕಂಡುಬಂದಿತು. ಢಾಕೆಯ ಗವರ್ನರರ ಭವನದಲ್ಲಿ ಮಹತ್ತ್ವದ ಸಭೆಯೊಂದು ಸೇರಲಿದೆಯೆಂಬ ಶತ್ರುಗಳ ನಿಸ್ತಂತು ವಾರ್ತೆಯು ನಮ್ಮವರ ಕಿವಿಗೆ ಬಿದ್ದಿತು. ಶಿಲ್ಲಾಂಗಿನ ಅಪ್ಪಣೆ ಗೌಹಾತಿಯ ಸ್ಟೇಶನ್ನಿಗೆ ಹೋಯಿತು, ಅಲ್ಲಿಂದ ಸ್ಕ್ವಾಡ್ರನ್ನಿಗೆ. ವಿಂಗ್ ಕಮಾಂಡರ್ ಬಿಷ್ಣೋಯಿಯವರ ಕೈಗೆ ಗುರಿ ತೋರಿಸಲು ಸಿಕ್ಕಿದ್ದು ಪ್ರವಾಸಿಗರ ನಕಾಶೆ. ಅಷ್ಟರಿಂದಲೇ ಅವರ ಮಿಗ್ ವಿಮಾನಗಳು ಭವನವನ್ನು ಹುಡುಕಿ ಹೊಡೆದವು. ಗವರ್ನರ ಮಲಿಕನು ಅದೇ ದಿನ ರಾಜೀನಾಮೆಯನ್ನು ಬರೆದನು. ನಡುವೆ ಇನ್ನೊಂದು ಸೇನೆಯ ಕಚೇರಿಯ ಒಪ್ಪಿಗೆಗಾಗಿ ಕಾಗದಗಳು ತಿರುಗಾಡಿದ್ದರೆ ಸಭೆ ಮುಗಿದು ಹೋಗುತ್ತಿತ್ತು.

ಮೂರೂ ಸೇನೆಗಳು ಕೂಡಿ ಕಾದಬೇಕೆಂಬುದರಲ್ಲಿ ನಮ್ಮ ತಕರಾರಿಲ್ಲ. ವಾಯುನೆಲೆ ಒಂದು ಕಡೆ, ಭೂಸೇನೆಯ ಮುಖ್ಯಠಾಣೆ ಇನ್ನೊಂದು ಕಡೆ ಇರುವದರಿಂದ ತೊಡಕಾಗುವದೆಂಬ ಮಾತೂ ಸುಳ್ಳಲ್ಲ. ಆದರೆ ಮಂಜೂರಾದ ಕಾಳಗದ ಸ್ಕ್ವಾಡ್ರನ್ನುಗಳು ೪೨. ೨೦೨೫ರ ಸಪ್ಟೆಂಬರದಲ್ಲಿ ಮಿಗ್-೨೧ಗಳು ನಿವೃತ್ತವಾದಾಗ ಉಳಿದವು ಮೂವತ್ತಕ್ಕೂ ಕಡಿಮೆ. ಬೆಳಿಗ್ಗೆ ಪಂಜಾಬದಲ್ಲಿದ್ದ ವಿಮಾನವು ಅದೇ ದಿನ ಅಸ್ಸಾಮದಲ್ಲಿ ಕಾದಬಲ್ಲುದು. ಪದಾತಿದಳಕ್ಕೆ ಇದು ಸಾಧ್ಯವಿಲ್ಲ. ಇಷ್ಟು ಸ್ವಲ್ಪ ಬಲವನ್ನು ಕ್ಷೇತ್ರಕ್ಷೇತ್ರಕ್ಕೆ ಹಂಚಿ ಕಟ್ಟಿಹಾಕಿದರೆ, ಒಂದೆಡೆ ವಿಮಾನಗಳು ಸುಮ್ಮನೆ ನಿಂತಿರುವಾಗ ಇನ್ನೊಂದೆಡೆ ಸೈನಿಕರು ಆಕಾಶವನ್ನು ನೋಡುತ್ತ ಕೂಡ್ರಬೇಕಾದೀತು. ವಾಯುಸೇನಾ ಮುಖ್ಯಸ್ಥ ಎ. ಪಿ. ಸಿಂಗರು ೨೦೨೫ರ ಆಗಸ್ಟದಲ್ಲಿ ಮಹೂದಲ್ಲಿ ಆತುರ ಬೇಡವೆಂದದ್ದನ್ನು ಕೆಲವರು ಸ್ವಪಕ್ಷಾಭಿಮಾನವೆಂದರು. ನಮಗೆ ಹಾಗೆ ತೋರುವದಿಲ್ಲ.

ಕೂಡುಠಾಣೆಯ ಸೇನಾಪತಿಗೆ ಮೂರೂ ಸೇನೆಗಳ ಸಿಬ್ಬಂದಿಯ ಮೇಲೆ ಶಿಸ್ತಿನ ಅಧಿಕಾರವನ್ನು ೨೦೨೩ರ ಕಾಯಿದೆಯು ಕೊಟ್ಟಿದೆ. ಅದನ್ನು ಆತನು ಅವಶ್ಯವಾಗಿ ನಡೆಸಲಿ. ಸ್ಕ್ವಾಡ್ರನ್ನುಗಳನ್ನು ಈ ಗಡಿಯಿಂದ ಆ ಗಡಿಗೆ ಕಳಿಸುವ ಅಧಿಕಾರವು ಮಾತ್ರ ದಿಲ್ಲಿಯ ವಾಯು ಮುಖ್ಯಾಲಯದಲ್ಲಿಯೇ ಇರತಕ್ಕದ್ದು.