ಕೈಕಟ್ಟಿ ನಿಲ್ಲುವ ಸ್ಕೌಟ್ ಮಾಸ್ಟರ್

ಶಾಲಾ ಮೈದಾನದಲ್ಲಿ ಮಕ್ಕಳು ಡೇರೆ ಕಟ್ಟಲು ಹೆಣಗುತ್ತಿರುವಾಗ ಪಕ್ಕದಲ್ಲೇ ಕೈಕಟ್ಟಿ ನಿಂತ ಸ್ಕೌಟ್ ಮಾಸ್ಟರನ್ನು ನೀವು ನೋಡಿರಬಹುದು. ಅದು ಸೋಮಾರಿತನವಲ್ಲ, ಅವರ ಕೆಲಸವೇ ಅದು.

1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಬೇಡನ್ ಪೊವೆಲ್ ನಡೆಸಿದ ಪ್ರಾಯೋಗಿಕ ಶಿಬಿರದಲ್ಲಿ ಹುಡುಗರನ್ನು ನಾಲ್ಕು ತಂಡಗಳಾಗಿ ವಿಂಗಡಿಸಿ, ಪ್ರತಿ ತಂಡದ ಹೊಣೆಯನ್ನು ಒಬ್ಬ ಹುಡುಗನಿಗೇ ವಹಿಸಲಾಯಿತು. ಇದೇ ಪೆಟ್ರೋಲ್ ಪದ್ಧತಿ (ಬಂಕಿನ ಪೆಟ್ರೋಲಿಗೂ ಇದಕ್ಕೂ ಸಂಬಂಧವಿಲ್ಲ!). ನಮ್ಮ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆಯಲ್ಲೂ ಆರರಿಂದ ಎಂಟು ಮಕ್ಕಳಿಗೊಂದು ಪೆಟ್ರೋಲ್, ಅದಕ್ಕೊಬ್ಬ ಲೀಡರ್. ಮಾಸ್ಟರ್ ಲೀಡರಿಗೆ ಕಲಿಸುತ್ತಾರೆ, ಲೀಡರ್ ತನ್ನ ತಂಡಕ್ಕೆ.

ಹಾಗಾದರೆ ಹಿರಿಯರು ಎಲ್ಲಿಯವರೆಗೆ ಸುಮ್ಮನಿರಬೇಕು? ಡೇರೆ ಕುಸಿದರೆ ಕುಸಿಯಲಿ. ಗೂಟದ ತಲೆ ಡೇರೆಯಿಂದ ಆಚೆಗೆ ವಾಲಿರಬೇಕು, ಇಲ್ಲದಿದ್ದರೆ ಹಗ್ಗ ಜಾರಿಬಿಡುತ್ತದೆ ಎಂಬುದು ಆಗ ಮಕ್ಕಳಿಗೆ ತಾನಾಗಿಯೇ ಹೊಳೆಯುತ್ತದೆ. ಬಾಯಲ್ಲಿ ಹತ್ತು ಸಲ ಹೇಳಿದರೂ ಅಷ್ಟು ಚೆನ್ನಾಗಿ ನಾಟದು. ಆದರೆ ನೀರು ಮತ್ತು ಬೆಂಕಿಯ ವಿಷಯದಲ್ಲಿ ಈ ಉದಾರತೆ ಸಲ್ಲದು. ಮಕ್ಕಳು ಹೊಳೆಗಿಳಿಯುವ ಮೊದಲೇ ಆಳ, ಸೆಳೆತ ನೋಡಿರಬೇಕು. ಇಳಿಯುವಾಗ, ಹತ್ತಿದ ಮೇಲೆ ತಲೆ ಎಣಿಸಬೇಕು. ಒಲೆ ಹೊತ್ತಿಸುವ ಮುನ್ನ ಬಕೆಟ್ ನೀರು ಪಕ್ಕದಲ್ಲಿರಬೇಕು.

ಈ ವಿವೇಚನೆ ಹುಟ್ಟಿನಿಂದ ಬರುವುದಲ್ಲ. 1919ರಲ್ಲಿ ಲಂಡನ್ ಬಳಿಯ ಗಿಲ್‌ವೆಲ್ ಪಾರ್ಕಿನಲ್ಲಿ ಆರಂಭವಾದ ವುಡ್ ಬ್ಯಾಡ್ಜ್ ತರಬೇತಿ ನಮ್ಮಲ್ಲೂ ನಡೆಯುತ್ತದೆ. ಪೂರೈಸಿದವರ ಕೊರಳಿಗೆ ಎರಡು ಮರದ ಮಣಿ. ಈ ಸೇವೆಗೆ ಸಂಬಳವಿಲ್ಲ, ಭಾನುವಾರದ ನಿದ್ದೆಗೂ ಆಗಾಗ ಸಂಚಕಾರ! ಆಸಕ್ತಿಯಿರುವ ಕಾಲೇಜು ವಿದ್ಯಾರ್ಥಿಗಳು ರೋವರ್ ಅಥವಾ ರೇಂಜರ್ ದಳ ಸೇರಿ, ಶಾಲಾ ಶಿಬಿರಗಳಲ್ಲಿ ನೆರವಾಗುತ್ತ ಇದನ್ನು ಹತ್ತಿರದಿಂದ ನೋಡಬಹುದು.